ಎಂಜಿನ್ನಿಗೆ ಹೆಸರು ಹಾಕಿಸಿದ ನಮ್ಮ ದೊಡ್ಡಮಾವ

ನಮ್ಮ ದೊಡ್ಡಮಾವ ಜೀವಮಾನದಲ್ಲಿ ಯಾರಿಗೂ ಮೋಸ ಮಾಡಿದವರಲ್ಲ. ಆದರೆ ತಮಗೆ ಮೋಸ ಮಾಡುವುದಕ್ಕೆಂದೇ ಕೋಲಾರ ಜಿಲ್ಲೆಯ ಜನರೆಲ್ಲ ಬೆಳಗಾಗೆದ್ದು ಮುಖ ತೊಳೆದು ಸಿದ್ಧವಾಗಿ ಕೂತಿರುತ್ತಾರೆ ಎಂದು ಬಲವಾಗಿ ನಂಬಿದ್ದರು. ಶ್ರೀನಿವಾಸಪುರದ ಟೈಲರು, ಮುಳಬಾಗಿಲಿನ ಗಡಿಯಾರ ರಿಪೇರಿಯವನು, ಮಾಲೂರಿನ ಹೆಂಚಿನ ವ್ಯಾಪಾರಿ, ಇವರು ಒಬ್ಬರ ಮುಖ ಒಬ್ಬರು ಕಂಡವರಲ್ಲ. ಆದರೂ ಮಾವನ ಲೆಕ್ಕದಲ್ಲಿ ಅವರೆಲ್ಲ ವಾರಕ್ಕೊಮ್ಮೆ ಒಂದು ಕಡೆ ಸೇರಿ, ಮುಂದಿನ ವಾರ ಮಾವನಿಗೆ ಹೇಗೆ ಟೋಪಿ ಹಾಕುವುದು ಎಂದು ಮಾತಾಡಿಕೊಳ್ಳುತ್ತಿದ್ದರು!

ಟೈಲರಿಗೆ ಶರ್ಟಿನ ಬಟ್ಟೆ ಕೊಟ್ಟರೆ, ಹೊಲಿದ ಶರ್ಟಿನ ಜೊತೆಗೆ ಕತ್ತರಿಸಿ ಉಳಿದ ಚೂರುಗಳನ್ನೂ ಒಂದೂ ಬಿಡದೆ ಕೊಡಬೇಕು. ಮಾವ ಅಂಗಡಿಯ ನೆಲದ ಮೇಲೇ ಕೂತು, ಶರ್ಟು ಹಾಸಿ, ಸುತ್ತ ಚೂರುಗಳನ್ನು ಜೋಡಿಸಿ, ಕೊಟ್ಟ ಬಟ್ಟೆ ಪೂರ್ತಿ ವಾಪಸು ಬಂತೇ ಎಂದು ನೋಡುವರು. ಒಂದು ಸಲ ಅಂಗೈಯಗಲದ ಚೂರೊಂದು ಹೆಚ್ಚಿಗೆ ಬಂದುಬಿಟ್ಟಿತು. ಬೇರೆ ಯಾರದ್ದೋ! ಅದನ್ನು ಹಿಂದಕ್ಕೆ ಕೊಡಲು ಮಾರನೆಯ ದಿನ ಉರಿಬಿಸಿಲಿನಲ್ಲಿ ತಮ್ಮ ಊರು ಯಲ್ದೂರಿನಿಂದ ಶ್ರೀನಿವಾಸಪುರಕ್ಕೆ ಸೈಕಲ್ ತುಳಿದುಕೊಂಡು ಹೋದರು. ಮಾವ ಬರುವುದನ್ನು ದೂರದಿಂದಲೇ ಕಂಡ ಟೈಲರು ಬಾಗಿಲೆಳೆದುಕೊಂಡು ಹಿಂದಿನ ಸಂದಿಯಲ್ಲಿ ಪರಾರಿಯಾದ.

ರಾಗಿ ಮಿಲ್ಲಿನ ಕಥೆಯೂ ಅಷ್ಟೇ. ಎಲ್ಲರಿಗಿಂತ ಮೊದಲು ರಾಗಿ ಹಾಕಿದರೆ ನಮ್ಮ ಹಿಟ್ಟು ಮಿಷನ್ನಿನಲ್ಲಿ ಉಳಿದು ಹಿಂದೆ ನಿಂತವರ ಪಾಲಾಗುತ್ತದೆ. ಆಮೇಲೆ ಹಾಕಿದರೆ ಯಾರದೋ ಹಿಟ್ಟು ನಮ್ಮದಕ್ಕೆ ಸೇರುತ್ತದೆ. ಹೀಗೆ ಯೋಚಿಸುತ್ತ ಮಾವ ಬಂದವರಿಗೆಲ್ಲ ದಾರಿ ಬಿಟ್ಟು ಮೂಟೆಯ ಮೇಲೆ ಕೂತೇ ಇದ್ದರು. ಊಟದ ಹೊತ್ತು ಮೀರಿ ಮಿಲ್ಲಿನವನಿಗೆ ತಡೆಯಲಾಗಲಿಲ್ಲ. ಸಾಮಿ, ಮನೇಲಿ ಬೀಸೋ ಕಲ್ಲಿಲ್ವಾ ಎಂದು ಕೇಳಿದ. ಮಾವ ಬೇಸರದಿಂದ ಹೇಳಿದರು: "ಇದೆ ಕಣಯ್ಯಾ. ಅದರ ಸಂದೀಲೂ ಸ್ವಲ್ಪ ಉಳಿಯತ್ತೆ."

ಇಂಥವರು ಹಳೆಯ ಕಾರೊಂದನ್ನು ಕೊಂಡರು ಎಂದರೆ ನಂಬುತ್ತೀರಾ? ಚಿನ್ನದ ಗಣಿಯಲ್ಲಿದ್ದ ಬಿಳಿ ಅಧಿಕಾರಿಯೊಬ್ಬ ದೇಶಕ್ಕೆ ಹೊರಟಾಗ ಬಿಟ್ಟುಹೋದ ಕಾರು ಅದು. ಅವರ ಕೈ ಇವರ ಕೈ ದಾಟಿ ಎಪ್ಪತ್ತರ ದಶಕದ ಕೊನೆಗೆ ಮಾವನ ಅಂಗಳಕ್ಕೆ ಬಂದು ನಿಂತಿತು. ಕರೀ ಬಣ್ಣ, ಎತ್ತರದ ಮೂತಿ, ಕಪ್ಪೆಗಣ್ಣು, ಬಾಗಿಲಿನ ಕೆಳಗೆ ಉದ್ದಕ್ಕೂ ತಗ್ಗಾದ ಮೆಟ್ಟಿಲು. ಊರವರು ಮಾವನಿಗೆ ದೊರೆತನದ ಖಯಾಲಿ ಹತ್ತಿತು ಎಂದು ನಕ್ಕರು. ಮಾವ ಆ ಮಾತನ್ನು ಅಲ್ಲಗಳೆಯಲೂ ಇಲ್ಲ. ಆದರೆ ಮನೆಯವರಿಗೆಲ್ಲ ಗೊತ್ತಿತ್ತು, ಆ ಕಾರು ಬಂದದ್ದು ಮಾವನ ಹೆಂಡತಿ, ನಮ್ಮ ಅತ್ತೆಗಾಗಿ.

ಅತ್ತೆಗೆ ಚಿಕ್ಕಂದಿನಲ್ಲಿ ಜ್ವರ ಬಂದು ಎಡಗಾಲು ಸೋತಿತ್ತು. ಮನೆಯೊಳಗೆ ಗೋಡೆ ಹಿಡಿದು ಓಡಾಡುವರು. ಬಸ್ಸಿನ ಮೆಟ್ಟಿಲು ಮಾತ್ರ ಆಗದು. ಅವರು ಒಂದು ಕಾಲು ಎತ್ತಿ ಇಡುವಷ್ಟರಲ್ಲಿ ಕಂಡಕ್ಟರು ವಿಷಲ್ ಊದಿರುತ್ತಿದ್ದ. ಕಾಲು ಬಾರದಿದ್ದರೇನು, ತಲೆ ಓಡುತ್ತಿತ್ತು. ಮದುವೆಯಾದಾಗ ನಿಂತುಹೋದ ಓದನ್ನು ನಲವತ್ತರ ಮೇಲೆ ಮತ್ತೆ ಹಿಡಿದುಬಿಟ್ಟರು. ನಾನು ಆಗ ಶ್ರೀನಿವಾಸಪುರದ ಮಿಡ್ಲ್ ಸ್ಕೂಲಿನಲ್ಲಿ ಟೀಚರ್. ಅಲ್ಲೇ ಒಂದು ರೂಮು ಮಾಡಿಕೊಂಡಿದ್ದೆ. ಭಾನುವಾರ ಭಾನುವಾರ ಯಲ್ದೂರಿಗೆ ಹೋಗಿ ಅತ್ತೆಗೆ ಗಣಿತ ಹೇಳಿಕೊಡುತ್ತಿದ್ದೆ. ಎಸ್ಸೆಸ್ಸೆಲ್ಸಿಗೆ ಖಾಸಗಿಯಾಗಿ ಕಟ್ಟುವ ಅರ್ಜಿ ತುಂಬಿದವಳೂ ನಾನೇ. ಪರೀಕ್ಷೆ ಬರೆಯುವುದು ಕೋಲಾರದಲ್ಲಿ. ಅಲ್ಲಿ ನೆಂಟರಿದ್ದಾರಲ್ಲ, ಒಂದು ವಾರ ಉಳಿಯಿರಿ ಎಂದರೆ ಅತ್ತೆ ಒಪ್ಪಲಿಲ್ಲ. ಈ ವಯಸ್ಸಿಗೆ ಪರೀಕ್ಷೆಯಾ ಎಂದು ನಗುತ್ತಾರಂತೆ. ಬಾಡಿಗೆ ಕಾರು ಎಂದರೆ ಮಾವ ಒಪ್ಪಲಿಲ್ಲ. ಡ್ರೈವರು ಸುತ್ತು ದಾರಿಯಲ್ಲಿ ಕರೆದುಕೊಂಡು ಹೋಗುತ್ತಾನಂತೆ! ಉಳಿದದ್ದು ಆ ಕರೀ ಕಾರು. ಅದೋ, ಏರು ಕಂಡರೆ ಸಾಕು, ಕೆಮ್ಮಿ ನಿಲ್ಲುತ್ತಿತ್ತು.

ಇಂಥ ಕಾರಿನ ಮರ್ಮ ತಿಳಿದವರು ಕೋಲಾರದಲ್ಲಿ ಒಬ್ಬರೇ, ಬಾಷಾ ಸಾಬರು. ಹರೆಯದಲ್ಲಿ ಗಣಿಯ ಅಧಿಕಾರಿಗಳ ಕಾರುಗಳನ್ನೇ ನೋಡಿಕೊಂಡಿದ್ದವರು. ಪರೀಕ್ಷೆಗೆ ಒಂದು ತಿಂಗಳಿರುವಾಗ ಕಾರು ಅವರ ಶೆಡ್ಡಿಗೆ ಹೋಯಿತು. ಕಾರಿನ ಹಿಂದೆ ಮಾವನೂ ಹೋದರು. ಇಂಗ್ಲೆಂಡಿನ ಅಸಲಿ ಸಾಮಾನು ಬಿಚ್ಚಿಕೊಂಡು ಡೂಪ್ಲಿಕೇಟ್ ಹಾಕಿಬಿಟ್ಟರೆ?

ನಮ್ಮ ಕಡೆ ಮನೆಯ ಪಾತ್ರೆಗಳಿಗೆಲ್ಲ ಹೆಸರು ಹಾಕಿಸುವುದುಂಟು. ಮದುವೆ ಮುಂಜಿಗಳಲ್ಲಿ ಕೊಟ್ಟ ಕೊಳದಪ್ಪಲೆ ಬದಲಾಗದೆ ಮನೆಗೆ ಬರಲಿ ಎಂದು ಮನೆಯಾಕೆಯ ಹೆಸರು ಕೊರೆಸುತ್ತಾರೆ. ಕೊಳದಪ್ಪಲೆಗೆ ಇರುವ ಭದ್ರತೆ ಎಂಜಿನ್ನಿಗೆ ಯಾಕಿರಬಾರದು? ಮಾವನ ತಲೆಗೆ ಇದು ಹೊಳೆದದ್ದೇ ತಡ, ಶ್ರೀನಿವಾಸಪುರದ ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಯುವ ಆಚಾರಿಯನ್ನು ಕರೆದುಕೊಂಡು ಶುಕ್ರವಾರ ಮಧ್ಯಾಹ್ನ ಶೆಡ್ಡಿಗೆ ಹೋದರು. ಬಾಷಾ ಸಾಬರು ನಮಾಜಿಗೆ ಹೋಗಿದ್ದರು. ಬಿಚ್ಚಿದ ಎಂಜಿನ್ನು ಗೋಣಿತಾಟಿನ ಮೇಲೆ ಹರಡಿತ್ತು. ಆಚಾರಿ ಉಳಿ ಸುತ್ತಿಗೆ ತೆಗೆದು ಟಕಟಕ ಟಕಟಕ ಶುರುಮಾಡಿದ. ಒಂದೊಂದು ಸಾಮಾನಿನ ತಳದಲ್ಲೂ, ಕಣ್ಣಿಗೆ ಬೀಳದ ಮೂಲೆಯಲ್ಲೂ ಅತ್ತೆಯ ಹೆಸರು, "ಸೌ|| ರತ್ನಮ್ಮ, ಯಲ್ದೂರು."

ಎಂಜಿನ್ನಿನ ತಲೆಯ ಮೇಲೆ ಒಂದು ಭಾರದ ಮುಚ್ಚಳವಿರುತ್ತದೆ. ಮೆಕ್ಯಾನಿಕ್ಕುಗಳು ಅದನ್ನು ಹೆಡ್ ಎನ್ನುತ್ತಾರೆ. ಉಳಿದ ಸಾಮಾನುಗಳೆಲ್ಲ ಒರಟಾಗಿ, ಜಿಡ್ಡಾಗಿ ಇದ್ದರೆ, ಬಾಷಾ ಸಾಬರು ಆಗತಾನೆ ಒರೆಸಿ ಬೋರಲು ಹಾಕಿದ್ದ ಆ ಹೆಡ್ಡನ್ನು ಮಗುಚಿದರೆ ಅದರ ಕೆಳಮುಖ ಕನ್ನಡಿಯ ಹಾಗೆ ನುಣ್ಣಗಿತ್ತು. ಎಷ್ಟೋ ದಿನದಿಂದ ಲೋಟದ ಅಂಚಿನಲ್ಲಿ ಇಕ್ಕಟ್ಟಾಗಿ ಬರೆಯುತ್ತಿದ್ದ ಆಚಾರಿಗೆ ಅಷ್ಟು ಜಾಗ ಕಂಡು ಹುರುಪು ಬಂತು. ದಪ್ಪ ಅಕ್ಷರದಲ್ಲಿ, ಆಳವಾಗಿ, ಈ ತುದಿಯಿಂದ ಆ ತುದಿಯವರೆಗೆ ಬರೆದು, ಕೊನೆಯಲ್ಲಿ ಒಂದು ಹೂವನ್ನೂ ಕೊರೆದ. ಮಾವ ಅದನ್ನು ಇದ್ದ ಹಾಗೇ ಬೋರಲು ಹಾಕಿಟ್ಟು ಬಂದರು. ಬಾಷಾ ಸಾಬರಿಗೆ ಹೇಳಲಿಲ್ಲ. ಹೇಳಿಬಿಟ್ಟರೆ ಅದು ಗುಟ್ಟಿನ ಗುರುತು ಹೇಗಾಗುತ್ತದೆ? ಒರೆಸಿಟ್ಟದ್ದೇ ಅಲ್ಲವೇ ಎಂದು ಸಾಬರೂ ಹೆಡ್ಡನ್ನು ಮತ್ತೆ ಮಗುಚಿ ನೋಡದೆ ಹಾಗೇ ಎತ್ತಿ ಕೂರಿಸಿಬಿಟ್ಟರು.

ಪರೀಕ್ಷೆಗೆ ಒಂಬತ್ತು ದಿನವಿರುವಾಗ ಕಾರು ರಿಪೇರಿಯಾಗಿ ಹೊರಟಿತು. ಊರು ಇನ್ನೇನು ಬಂತು ಎನ್ನುವಾಗ ಬಾನೆಟ್ಟಿನಿಂದ ಹಬೆ ಎದ್ದು, ಎಂಜಿನ್ನು ಒಂದೆರಡು ಸಲ ನಿಟ್ಟುಸಿರುಬಿಟ್ಟು ಸುಮ್ಮನಾಯಿತು. ತೋಟದಿಂದ ಬರುತ್ತಿದ್ದ ರೈತನೊಬ್ಬ ಎತ್ತು ಕಟ್ಟಿ ಮನೆಯವರೆಗೆ ಎಳೆಸಿಕೊಟ್ಟ. ದಾರಿಯುದ್ದಕ್ಕೂ ಆತ ಒಂದೂ ಮಾತಾಡಲಿಲ್ಲವಂತೆ. ಅಂಗಳದಲ್ಲಿ ಹಗ್ಗ ಬಿಚ್ಚುವಾಗ ಮಾತ್ರ, ಇದಕ್ಕೆ ದಿನಾ ಎಷ್ಟು ಹಿಂಡಿ ಹಾಕ್ತೀರಿ ಎಂದು ವಿಚಾರಿಸಿದನಂತೆ.

ಮಾವನ ಕೋಪ ಕೇಳಬೇಕೆ? ಸಾಧಾರಣ ಕೋಪಕ್ಕೆ ಅವರು ಕನ್ನಡದಲ್ಲೇ ಬೈಯುತ್ತಿದ್ದರು, ವಿಪರೀತವಾದರೆ ತೆಲುಗಿಗೆ ಹೋಗುತ್ತಿದ್ದರು. ಆವತ್ತು ಪೂರಾ ತೆಲುಗು! ಬಸ್ಸು ಹತ್ತಿ ಕೋಲಾರಕ್ಕೆ ಹೋಗಿ, ಶೆಡ್ಡಿನ ಮುಂದೆ ನಿಂತು, ಸಾಮಾನು ಬದಲಾಯಿಸಿದ್ದೀಯ, ಕಳ್ಳ ಎಂದು ಹತ್ತು ಜನರ ಎದುರು ಕೂಗಿ ಬಂದರು. ಬಾಷಾ ಸಾಬರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, ಆ ಕಾರನ್ನು ಇನ್ನು ಮುಟ್ಟುವುದಿಲ್ಲ ಎಂದುಬಿಟ್ಟರು. ತಪ್ಪು ಒಪ್ಪಿಕೊಳ್ಳುವ ತನಕ ಮುಟ್ಟಲು ಬಿಡುವುದಿಲ್ಲ ಎಂದು ಮಾವ. ಹೀಗೆ ಹಟದಲ್ಲಿ ನಾಲ್ಕು ದಿನ ಹೋಯಿತು. ಅತ್ತೆ ಜಗಲಿಯ ಮೇಲೆ ಕೂತು ಪ್ರಮೇಯ ಬಾಯಿಪಾಠ ಮಾಡುತ್ತಲೇ ಇದ್ದರು, ಕಣ್ಣು ಮಾತ್ರ ಕಾರಿನ ಮೇಲೆ. ನನಗೆ ಮಾವನ ಮೇಲೆ ಸಿಟ್ಟು ನೆತ್ತಿಗೇರಿತು. ಶಾಲೆಗೆ ರಜೆ ಹಾಕಿ ನಾನೇ ಬಾಷಾ ಸಾಬರ ಹತ್ತಿರ ಹೋದೆ.

ಮೊದಲು ಅವರು ಮುಖ ಕೊಟ್ಟೂ ಮಾತಾಡಲಿಲ್ಲ. ಐದು ದಿನಕ್ಕೆ ಪರೀಕ್ಷೆ, ಬೇರೆ ಗತಿಯಿಲ್ಲ ಎಂದೆ. ಯಾರ ಪರೀಕ್ಷೆ ಎಂದು ಕೇಳಿದರು. ಮಾವ ಆ ಸುದ್ದಿಯನ್ನೇ ಅವರಿಗೆ ಹೇಳಿರಲಿಲ್ಲ! ಅತ್ತೆಯದು, ಹೀಗೆ ಹೀಗೆ, ಕಾಲು ಹೀಗೆ ಎಂದು ಎಲ್ಲ ಹೇಳಿದೆ. ಸಾಬರು ಕೈಯ ಗ್ರೀಸು ಒರೆಸಿಕೊಂಡರು.

"ನಿಮ್ಮ ಮಾವನಿಗೋಸ್ಕರ ಬರಲ್ಲಮ್ಮ, ಅಕ್ಕನಿಗೋಸ್ಕರ ಬರ್ತೀನಿ" ಎಂದು ಹತಾರದ ಪೆಟ್ಟಿಗೆ ಎತ್ತಿಕೊಂಡರು.

ಅಂಗಳದ ಹುಣಸೆಮರದ ಕೆಳಗೆ ಎಂಜಿನ್ನು ಬಿಚ್ಚುವ ಕಾರ್ಯ ನಡೆಯಿತು. ಅರ್ಧ ಊರು ನೆರೆದಿತ್ತು. ಮಾವ ಕುರ್ಚಿ ಹಾಕಿಕೊಂಡು, ಸೌದೆಯ ಮೇಲೆ ಕೂತವರಿಗೆಲ್ಲ ತಮ್ಮ ಗುಟ್ಟಿನ ಗುರುತಿನ ವಿಷಯ ಗಟ್ಟಿಯಾಗಿ ಹೇಳಿದರು. ಈಗ ನೋಡಿ, ಹೆಸರಿಲ್ಲದ ಸಾಮಾನುಗಳು ಒಂದೊಂದಾಗಿ ಹೊರಗೆ ಬರುತ್ತವೆ ಎಂದರು. ಬಾಷಾ ಸಾಬರು ತೆಗೆದು ತೆಗೆದು ಕೊಟ್ಟರು. ಮಾವ ಕನ್ನಡಕ ಏರಿಸಿ ತಿರುಗಿಸಿ ನೋಡಿದರು. ಸೌ|| ರತ್ನಮ್ಮ, ಯಲ್ದೂರು. ಇನ್ನೊಂದು. ಸೌ|| ರತ್ನಮ್ಮ, ಯಲ್ದೂರು. ಮತ್ತೊಂದು. ಅದೂ ರತ್ನಮ್ಮನೇ! ಅತ್ತೆ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದರು. ಒಂದೇ ಒಂದು ಸಾಮಾನು ಬದಲಾಗಿರಲಿಲ್ಲ.

ಕೊನೆಗೆ ಸಾಬರು ಹೆಡ್ಡನ್ನು ಬಿಚ್ಚಿ ಮಗುಚಿದರು. ಆ ದಪ್ಪ ಅಕ್ಷರಗಳ ಉದ್ದಕ್ಕೂ ನೀರು ಹರಿದು, ಮಸಿ ಕೂತು, ಹೂವು ಕೂಡ ಕಪ್ಪಾಗಿತ್ತು. ಇದು ಕೆಳಗಿನ ಭಾಗಕ್ಕೆ ಒಂದು ಕೂದಲಷ್ಟೂ ಸಂದಿಲ್ಲದೆ ಅಂಟಿ ಕೂರಬೇಕು ಸಾಮಿ, ನೀವು ಕೊರೆಸಿದ ಅಕ್ಷರದ ಸಂದೀಲೇ ರೇಡಿಯೇಟರ್ ನೀರು ಒಳಗೆ ಹೋಗಿದೆ ಎಂದು ಸಾಬರು ತಣ್ಣಗೆ ಹೇಳಿದರು. ಮಾವ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು.

ಉಪಾಯ ಒಂದೇ. ಅಕ್ಷರವೆಲ್ಲ ಹೋಗುವ ತನಕ ಹೆಡ್ಡನ್ನು ಸಮನಾಗಿ ಉಜ್ಜಬೇಕು. ಇಲ್ಲಿ ಮಾವ ಮತ್ತೆ ಅಡ್ಡ ನಿಂತರು. ಮುತ್ತೈದೆಯ ಹೆಸರು ಅಳಿಸುವುದುಂಟೆ, ಅಪಶಕುನ, ಕೂಡದು. ಬಾಷಾ ಸಾಬರು ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ.

ಅತ್ತೆ ಜಗಲಿಯಿಂದಲೇ ಹೇಳಿದರು: "ಅಳಿಸಿ ಬಾಷಾ ಸಾಬ್ರೇ. ನನ್ನ ಹೆಸರು ಹಾಲ್ ಟಿಕೆಟ್ ಮೇಲಿದೆ, ಅಷ್ಟು ಸಾಕು ನನಗೆ."

ಉಜ್ಜಲು ಸಮತಟ್ಟಾದ ದಪ್ಪ ಗಾಜು ಬೇಕಾಯಿತು. ಬೀರುವಿನ ಕನ್ನಡಿಯನ್ನು ಮಾವ ತಾವೇ ಕಿತ್ತು ತಂದರು. ಅದರ ಮೇಲೆ ಎಮರಿ ಪೇಪರ್ ಹಾಸಿ, ಎಣ್ಣೆ ಬಿಟ್ಟು ಹೇಗೆ ಉಜ್ಜಬೇಕೆಂದು ಸಾಬರು ತೋರಿಸಿದರು. ತೋರಿಸಿ, ಬರೆಸಿದವರೇ ಅಳಿಸಲಿ ಎಂದು ಪಕ್ಕಕ್ಕೆ ಕೂತು ಬೀಡಿ ಹಚ್ಚಿದರು. ಎರಡು ದಿನ ಮಾವ ಬನಿಯನ್ನಿನಲ್ಲಿ ಕೂತು ಬೆವರು ಸುರಿಸುತ್ತ ಉಜ್ಜಿದರು. ಅತ್ತ ಅತ್ತೆ ತ್ರಿಭುಜದ ಮೂರು ಕೋನಗಳ ಮೊತ್ತ ಎನ್ನುತ್ತಿದ್ದರೆ, ಇತ್ತ ಮಾವ ಗರ ಗರ ಗರ. ನಡುನಡುವೆ ಸಾಬರು ಬಂದು ಬೆರಳಾಡಿಸಿ ನೋಡಿ, ಇನ್ನೂ ಇದೆ, ಉಜ್ಜಿ ಎಂದು ಹೋಗುವರು. ನನಗೆ ಎಂಥ ಸಂತೋಷವಾಯಿತೆಂದರೆ, ನಾನೇ ಕಾಫಿ ಮಾಡಿ ಸಾಬರಿಗೆ ಎರಡೆರಡು ಲೋಟ ಕೊಟ್ಟೆ. ಮಾವ ಕ್ಷಮೆ ಕೇಳಲಿಲ್ಲ. ಆದರೆ ಎರಡನೆಯ ದಿನ ಸಂಜೆ, ಪರೀಕ್ಷೆ ಮುಗಿಯುವವರೆಗೂ ನೀನು ಜೊತೆಗೇ ಬಾ ಬಾಷಾ ಎಂದು ನೆಲ ನೋಡಿಕೊಂಡು ಹೇಳಿದರು.

ಪರೀಕ್ಷೆಯ ಅಷ್ಟೂ ದಿನ ಕರೀ ಕಾರು ಯಲ್ದೂರಿನಿಂದ ಕೋಲಾರಕ್ಕೆ ಹೋಗಿ ಬಂತು. ಮುಂದೆ ಮಾವ, ಪಕ್ಕದಲ್ಲಿ ನೀರಿನ ಡಬ್ಬ ಹಿಡಿದ ಬಾಷಾ ಸಾಬರು, ಹಿಂದೆ ಲಾಗ್ ಟೇಬಲ್ಲು ಹಿಡಿದ ಅತ್ತೆ. ಕಾರು ಒಂದು ಸಲವೂ ನಿಲ್ಲಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಫಲಿತಾಂಶದ ದಿನ ಪೇಪರಿನಲ್ಲಿ ಅತ್ತೆಯ ನಂಬರು ಇರಲಿಲ್ಲ. ಆಮೇಲೆ ಅಂಕಪಟ್ಟಿ ಬಂತು. ಎಲ್ಲದರಲ್ಲೂ ಪಾಸು, ಗಣಿತ ಒಂದು ಬಿಟ್ಟು. ಗಣಿತ ಹೇಳಿಕೊಟ್ಟವಳು ನಾನು!

ಟೈಲರಿಗೆ ಆದದ್ದು, ಸಾಬರಿಗೆ ಆದದ್ದು ನೆನಪಾಯಿತು. ಕೆಲಸ ಕೆಡಿಸಿದವರನ್ನು ಮಾವ ಸುಮ್ಮನೆ ಬಿಟ್ಟ ದಾಖಲೆಯೇ ಇರಲಿಲ್ಲ. ಮಾರನೆಯ ಬೆಳಗ್ಗೆ ನನ್ನ ರೂಮಿನ ಮುಂದೆ ಕಾರು ನಿಂತ ಸದ್ದಾಯಿತು. ಹಿಂದಿನ ಬಾಗಿಲಿದ್ದಿದ್ದರೆ ನಾನೂ ಟೈಲರ ದಾರಿ ಹಿಡಿಯುತ್ತಿದ್ದೆ. ಮಾವ ಒಳಗೆ ಬಂದು ಚಾಪೆಯ ಮೇಲೆ ಕೂತರು. ರಾತ್ರಿಯೆಲ್ಲ ನಿದ್ದೆಯಿಲ್ಲದ ಮುಖ. ನಾನು ತಪ್ಪಾಯಿತು ಎನ್ನಲು ಬಾಯಿ ತೆರೆದರೆ ಕೈ ಎತ್ತಿ ತಡೆದರು.

"ನಿಂದೇನೂ ತಪ್ಪಿಲ್ಲ ಕಣೇ. ಒಂದೇ ಸಲಕ್ಕೆ ಯಾವ ಕೆಲಸ ಆಗತ್ತೆ? ಇನ್ನೊಂದ್ಸಲ ನಿಮ್ಮತ್ತೆ ಜೊತೆ ಕೂತು ನೋಡು. ಸೆಪ್ಟೆಂಬರ್ ಪರೀಕ್ಷೆಗೆ ಗಾಡಿ ತಯಾರಿಡು ಅಂತ ಬಾಷಾಗೂ ಹೇಳಿ ಬಂದೆ."

ಹೇಳಿ ಎದ್ದವರು ಮತ್ತೆ ಕೂತರು. ಅವಳು ಊಟ ಬಿಟ್ಟಿದ್ದಾಳೆ, ಪುಸ್ತಕವನ್ನೆಲ್ಲ ಅಟ್ಟಕ್ಕೆ ಹಾಕಿಸಿದ್ದಾಳೆ ಎಂದರು. ಆಮೇಲೆ, ನಾನು ಎಂದೂ ಕೇಳದ ಮೆತ್ತಗಿನ ದನಿಯಲ್ಲಿ ಕೇಳಿದರು: "ಪಾಸಾಗ್ತಾಳೆ ಅಲ್ವೇನೇ?"

"ಆಗ್ತಾರೆ ಮಾವ" ಎಂದೆ.

ಸೆಪ್ಟೆಂಬರಿನಲ್ಲಿ ಅತ್ತೆ ಪಾಸಾಗಿ ನನ್ನ ಮಾನ ಉಳಿಸಿದರು, ನಿಜ. ಆದರೆ ಆವತ್ತು ಆ ಮಾತು ಹೇಳುವುದಕ್ಕೆ ನನ್ನ ಹತ್ತಿರ ಏನು ಆಧಾರವಿತ್ತು? ಏನೂ ಇರಲಿಲ್ಲ. ಹೇಗೆ ಹೇಳ್ತೀಯ, ಎಲ್ಲಿ ತೋರಿಸು ಎಂದು ಕೇಳುತ್ತಾರೆಂದು ಕಾಯುತ್ತ ನಿಂತಿದ್ದೆ. ಮಾವ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಸರಿ ಎಂದು ತಲೆಯಾಡಿಸಿ, ಅಟ್ಟದಿಂದ ಪುಸ್ತಕ ಇಳಿಸಲು ಮನೆಗೆ ಹೊರಟರು.