ಅಕ್ಕನ ಸೈಕಲ್ಲು, ಅಮ್ಮನ ಹೊಲಿಗೆ ಮಿಷಿನ್ ಎಣ್ಣೆ

ಸಮುದ್ರದ ಪಕ್ಕದ ಗುಡ್ಡದಲ್ಲಿ ಸೈಕಲ್ ಇಳಿಸೋ ವಿಡಿಯೋ ನನ್ನಷ್ಟು ಯಾರೂ ನೋಡಿಲ್ಲ. ಊಟ ಮಾಡ್ತಾನೂ ನೋಡಿದೀನಿ, ಬಾತ್‌ರೂಮ್ ಬಾಗಿಲಾಚೆ ಸರದಿ ಕಾಯ್ತಾನೂ ನೋಡಿದೀನಿ. ಹಾಗಾಗಿ ಶನಿವಾರ ಬೆಳಗ್ಗೆ ಘೋಷಣೆ ಮಾಡ್ಬಿಟ್ಟೆ: ಇವತ್ತು ಈ ಮಹಾಪುರುಷ ನಮ್ಮೂರ ಗುಡ್ಡ ಇಳೀತಾನೆ.

ಸೈಕಲ್ ಮಾತ್ರ ಅಕ್ಕಂದು. ಮಾರನೇ ದಿನ ಅವಳಿಗೆ ಅಲ್ಲೇ ರೇಸು. ಆ ಇಳಿಜಾರಿನ ದಾಖಲೆ ಮೂರು ವರ್ಷದಿಂದ ಅವಳ್ದೇ, ಒಂದು ನಿಮಿಷ ನಲವತ್ತು ಸೆಕೆಂಡು.

"ಒಂದು ಗೀರು ಬಿದ್ರೂ ಚರ್ಮ ಸುಲೀತೀನಿ," ಅಂದ್ಲು.

"ಕೊಟ್ಟಿದ್ದಕ್ಕಿಂತ ಚೆನ್ನಾಗಿ ವಾಪಸ್ ತರ್ತೀನಿ, ನೋಡ್ತಿರು."

ಈ 'ಚೆನ್ನಾಗಿ'ನೇ ನನ್ನ ಮುಳುಗಿಸಿದ್ದು. ಬ್ರೇಕ್ ಹಿಡಿದ್ರೆ ಕುಯ್ಯೋ ಅಂತಿತ್ತು. ಅಮ್ಮನ ಹೊಲಿಗೆ ಮಿಷಿನ್ನೂ ಹಾಗೇ ಅಳ್ತಿತ್ತು, ನಾಲ್ಕು ಹನಿ ಎಣ್ಣೆ ಬಿಟ್ಮೇಲೆ ತೆಪ್ಪಗಾಯ್ತು. ಅದೇ ಡಬ್ಬಿ ತಂದು ಎರಡೂ ಬ್ರೇಕಿಗೆ ಧಾರಾಳವಾಗಿ ಸುರಿದೆ. ಸದ್ದು ಮಾಯ. ಎಂಥಾ ತಲೆ ನಂದು ಅಂತ ನನಗೇ ಹೆಮ್ಮೆ!

ಗುಡ್ಡ ಹತ್ತೋವಾಗ ತಳ್ಕೊಂಡೇ ಹೋದೆ, ಬ್ರೇಕ್ ಯಾಕೆ ಬೇಕು? ತುದೀಲಿ ಹ್ಯಾಂಡಲ್ಲಿಗೆ ಫೋನ್ ಸಿಗಿಸಿದೆ. ಕೆಳಗೆ ರೇಸ್ ಮುಗಿಯೋ ಗೆರೆ ದಾಟಿದ ಕೂಡ್ಲೇ ಅದರ ಆ್ಯಪ್ಪು ತಾನೇ ಟೈಮ್ ಬರ್ಕೊಳ್ಳುತ್ತೆ. ಹೊರಟೆ. ಮೊದಲನೇ ತಿರುವಲ್ಲಿ ಬ್ರೇಕ್ ಹಿಡ್ದೆ. ಸದ್ದೂ ಇಲ್ಲ, ಬ್ರೇಕೂ ಇಲ್ಲ. ಎಡಕ್ಕೆ ಸಮುದ್ರ, ಬಲಕ್ಕೆ ಬಂಡೆ, ಮಧ್ಯೆ "ಅಮ್ಮಾ" ಅಂತ ಕೂಗೋ ಮಹಾಪುರುಷ. ಒಂದು ಮುಳ್ಳಿನ ಪೊದೆ ಕರುಣೆಯಿಂದ ನನ್ನ ಬಾಚಿ ತಬ್ಬಿಕೊಳ್ತು. ಸೈಕಲ್ ನನಗೋಸ್ಕರ ಕಾಯ್ಲಿಲ್ಲ.

ಕುಂಡಿ ಮೇಲೆ ಜಾರ್ಕೊಂಡು ಕೆಳಗೆ ಬಂದ್ರೆ, ಮರಳಲ್ಲಿ ರಾಶಿ ಹಾಕಿದ್ದ ಬಲೆ ಮೇಲೆ ಸೈಕಲ್ ಆರಾಮಾಗಿ ಮಲಗಿತ್ತು. ಒಂದು ಗೀರೂ ಇಲ್ಲ. ಬಲೆ ಹೆಣೀತಿದ್ದ ತಾತ ತಲೆ ಎತ್ತಿ, "ಸೈಕಲ್ ಬಂದು ಹತ್ತು ನಿಮಿಷ ಆಯ್ತಲ್ಲಪ್ಪ, ನೀನ್ಯಾಕೆ ಲೇಟು?" ಅಂದ.

ಮನೇಲಿ ಅಕ್ಕ ಫೋನ್ ಕಿತ್ಕೊಂಡು ನೋಡಿ ಬೆಪ್ಪಾದ್ಲು. "ಒಂದು ನಿಮಿಷ ಹನ್ನೆರಡು ಸೆಕೆಂಡಾ? ಲೋ, ಇದು ನೀನಾ?"

ಇಲ್ಲ ಅನ್ಬೇಕಿತ್ತು. ಬಾಯಿ ಕೇಳ್ಬೇಕಲ್ಲ. "ಭಯ ಇರೋದು ತಲೇಲಿ ಅಕ್ಕ, ಚಕ್ರದಲ್ಲಲ್ಲ. ನಾನಂತೂ ಬ್ರೇಕ್ ಹಾಕ್ಲೇ ಇಲ್ಲ."

ಅವಳು ಹೆಲ್ಮೆಟ್ ತಗೊಂಡು ಪಟ್ಟಿ ಬಿಗಿ ಮಾಡಿದ್ಲು. "ಸರಿ. ನಾಳೆ ನಾನೂ ಹಾಕಲ್ಲ."

ಎಣ್ಣೆ, ಪೊದೆ, ಬಲೆ, ತಾತ, ಎಲ್ಲಾ ಒಂದೇ ಉಸಿರಲ್ಲಿ ಕಕ್ಕಿಬಿಟ್ಟೆ.

"ಅಂದ್ರೆ ನನ್ನ ದಾಖಲೆ ಮುರಿದಿದ್ದು?"

"ಸೈಕಲ್ಲು... ಅದೊಂದೇ."

ಬೈತಾಳೆ ಅನ್ಕೊಂಡೆ. ಬೈಲಿಲ್ಲ. ಅಂಗಡಿಗೆ ಓಡಿಸಿ ಹೊಸ ಬ್ರೇಕ್ ಪ್ಯಾಡ್ ತರಿಸಿದ್ಲು, ಕೈಗೆ ಸ್ಪ್ಯಾನರ್ ಕೊಟ್ಟು ನನ್ನ ನೆಲದ ಮೇಲೆ ಕೂರಿಸಿದ್ಲು. ಆಮೇಲೆ ಸೀಟು ಸವರ್ತಾ ಸೈಕಲ್ಲಿಗೆ ಹೇಳಿದ್ಲು:

"ನೋಡಿದ್ಯಾ ಬಂಗಾರ, ಆ ಮೂಟೆ ಕೆಳಗೆ ಬಿದ್ಮೇಲೆ ಎಷ್ಟು ಚೆನ್ನಾಗಿ ಓಡ್ದೆ ನೀನು."