ಕೆಲಸವಿದ್ದಾಗ ಒಳಗೆ ಬಿಡದ ಮನೆ

ಇಪ್ಪತ್ತೈದರಿಂದ ಐವತ್ತನಾಲ್ಕು ವರ್ಷದೊಳಗಿನವರಲ್ಲಿ ಯಾರಿಗೆ ಕೆಲಸವಿದೆ, ಯಾರಿಗಿಲ್ಲ ಎಂದು ಮನೆಮನೆಗೆ ಹೋಗಿ ಕೇಳುವುದು ನನ್ನ ಕೆಲಸ. ಸರ್ಕಾರದ ಸಮೀಕ್ಷೆ, ನಿವೃತ್ತಿಯಾದ ಮೇಲೆ ಸಿಕ್ಕಿದ್ದು. ಪ್ರಶ್ನೆ ಒಂದೇ: ಕಳೆದ ಏಳು ದಿನದಲ್ಲಿ ಒಂದು ಗಂಟೆಯಾದರೂ ಕೆಲಸ ಮಾಡಿದ್ದೀರಾ? ನೇರ ಪ್ರಶ್ನೆ. ನೇರ ಉತ್ತರ ಇವತ್ತಿನವರೆಗೆ ಸಿಕ್ಕಿಲ್ಲ.

ಕನಕಪುರ

ನಿಂತುಹೋದ ಕಲ್ಲು ಕ್ವಾರಿ. ಕಾವಲುಗಾರ ಮರದಡಿ ಮಲಗಿದ್ದ. ಎಬ್ಬಿಸಿದೆ.

“ಕೆಲಸ ಇದೆಯೇನಪ್ಪಾ?”

“ಐತೆ. ಬಂಡೆ ಕಾಯ್ತೀನಿ.”

“ಬಂಡೆ ಯಾರು ಹೊತ್ಕೊಂಡು ಹೋಗ್ತಾರೆ?”

“ಅದ್ಕೇ ಮಲಗಿರೋದು.”

ಚನ್ನಪಟ್ಟಣ

ಬೊಂಬೆ ಮಾಡುವ ಒಬ್ಬ ಭಾಯಿ. ಲೇತಿನ ಮುಂದೆ ಕೂತಿದ್ದರು. ಮೈತುಂಬ ಮರದ ಪುಡಿ.

“ಕೆಲಸ ಎಲ್ಲಿದೆ ಸಾರ್? ಆರ್ಡರೇ ಇಲ್ಲ,” ಎಂದರು, ಕೈ ನಿಲ್ಲಿಸದೆ.

“ಈಗ ಮಾಡ್ತಿರೋದು?”

“ಬುಗುರಿ. ಸುಮ್ನೆ ಕೂತ್ರೆ ಮನೆಯವಳು ತರಕಾರಿಗೆ ಕಳಿಸ್ತಾಳೆ.”

ಮೂಲೆಯಲ್ಲಿ ಗೋಣಿಚೀಲಗಳ ತುಂಬ ಬುಗುರಿ. ಆ ಮನೆಗೆ ತರಕಾರಿ ಬಂದು ಬಹಳ ದಿನವಾಗಿರಬೇಕು.

ಮಾಗಡಿ ಕಡೆ, ಮೊದಲ ಸಲ

ಗುಡೇಮಾರನಹಳ್ಳಿ ಹತ್ತಿರ ರೇಷ್ಮೆ ಹುಳ ಸಾಕುವ ಮನೆ. ತಾಯಿ, ಮಗ. ಮಗನಿಗೆ ಮೂವತ್ತೈದು. ಮದುವೆಯ ಮಾತು ಈಗ ಕೂಡಿಬಂದಿತ್ತು. ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದ.

“ಗೂಡು ಮಾರಾಯ್ತು. ಹೊಸ ಹುಳ ಬರೋಗಂಟ ಸುಮ್ಕಿರೋದೇ,” ಎಂದ.

ಕೆಲಸವಿಲ್ಲ ಎಂದು ಬರೆದುಕೊಂಡೆ. ಬೇಲಿಯಾಚೆಯವರು ಕೇಳಿಸಿಕೊಂಡರು. ಹುಡುಗನಿಗೆ ಕೆಲಸವಿಲ್ಲವೆಂದು ಸರ್ಕಾರವೇ ಬರೆದುಕೊಂಡು ಹೋಗಿದೆ ಎಂಬ ಸುದ್ದಿ ಸಂಜೆಯೊಳಗೆ ಹೆಣ್ಣಿನಪ್ಪನಿಗೆ ಮುಟ್ಟಿತು. ಆತ ಮಾತುಕತೆ ನಿಲ್ಲಿಸಿದ.

ನಾನು ಬರೆದದ್ದನ್ನು ಸರ್ಕಾರವೂ ಅಷ್ಟು ಬೇಗ ಓದಿದ್ದಿಲ್ಲ.

ಎರಡನೇ ಸಲ

ಮೂರು ತಿಂಗಳ ಮೇಲೆ ಅದೇ ಮನೆಗೆ ಮತ್ತೆ ಹೋಗಬೇಕೆಂಬುದು ಸಮೀಕ್ಷೆಯ ನಿಯಮ. ಹೋದೆ. ತಾಯಿ ಬೇಲಿಯ ಹತ್ತಿರವೇ ತಡೆದಳು.

“ಹುಳ ಮನೇಲವೆ. ಹೊರಗಿನೋರು ಬಂದ್ರೆ ರೋಗ ತಗಲ್ತದೆ.”

“ಮಗ?”

“ಒಳಗೆ ಸೊಪ್ಪು ಹಾಕ್ತಾ ಅವ್ನೆ. ಕೆಲಸ ಐತೆ ಅಂತ ಒಸಿ ಬರ್ಕಳಿ ಸಾಮಿ. ನಿಂತೋದ ಮದುವೆ ಕೂಡ್ಕತದೆ.”

“ಅವನನ್ನೇ ಕೇಳ್ಬೇಕು. ಕರೀರಿ.”

“ಈಗ ಬರಕ್ಕಾಗಕಿಲ್ಲ. ಕೆಲಸ ಇಲ್ದಾಗ ಬನ್ನಿ.”

ಹೋದ ಸಲ ಹಾಗೇ ಬಂದಿದ್ದೆ.

ಮೂರನೇ ಸಲ

ಈ ಸಲ ತಾಯಿಯೇ ಹೇಳಿಕಳಿಸಿದಳು. ಹೆಣ್ಣಿನಪ್ಪನನ್ನೂ ಕರೆಸಿದ್ದಳು. ಹುಳವಿದ್ದಾಗಲೇ ಇಬ್ಬರೂ ಬಂದು ಕಣ್ಣಾರೆ ನೋಡಲಿ ಎಂದು. ನಮ್ಮ ಕಾಲಿಗೆ ಔಷಧಿ ನೀರು ಹುಯ್ದು ಒಳಗೆ ಬಿಟ್ಟಳು.

ಆ ಬೆಳಿಗ್ಗೆಯೇ ಹುಳ ಹಣ್ಣಾಗಿ, ಗೂಡು ಕಟ್ಟಲು ಸಿದ್ಧವಾಗಿಬಿಟ್ಟಿದ್ದವು. ಹಣ್ಣಾದ ಹುಳ ಕಾಯುವುದಿಲ್ಲ. ಆಗಲೇ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಿಸುವ ಬಿದಿರಿನ ತಟ್ಟಿಗೆ, ಬಿಡಬೇಕು, ಇಲ್ಲದಿದ್ದರೆ ಸಿಕ್ಕ ಸಿಕ್ಕಲ್ಲಿ ಗೂಡು ಕಟ್ಟುತ್ತವೆ. ಹೆಣ್ಣಿನಪ್ಪನೂ ಹುಳ ಸಾಕುವವನೇ. ನೋಡುತ್ತ ನಿಲ್ಲಲಾಗದೆ ಪಂಚೆ ಎತ್ತಿ ಕಟ್ಟಿ ಕೂತ. ನಾನೂ ಕೂತೆ.

ಮಗ ಮಾತ್ರ ಹೊಸ ಬಿಳಿ ಶರ್ಟು ತೊಟ್ಟು ಕಂಬದಂತೆ ನಿಂತಿದ್ದ. ಅವನು ಬಗ್ಗಿದಾಗಲೆಲ್ಲ ತಾಯಿ, “ಮುಟ್ಬ್ಯಾಡ ಕಣ್ಲಾ, ಶರ್ಟು ಕೊಳೆಯಾಯ್ತದೆ. ನಿನ್ನ ನೋಡಕ್ ಬಂದವ್ರೆ,” ಎನ್ನುತ್ತಿದ್ದಳು.

ಸಂಜೆ ಕೈ ತೊಳೆದು ಹೆಣ್ಣಿನಪ್ಪ ಕೇಳಿದ, “ಈಗೇನ್ ಬರ್ಕತೀರಿ?”

“ನಿನ್ನೆವರೆಗೂ ಸೊಪ್ಪು ಹಾಕಿದ್ದಾನೆ. ಕೆಲಸ ಇದೆ.”

“ನಂದು?”

“ವಯಸ್ಸು?”

“ಅರವತ್ತು.”

“ಲೆಕ್ಕಕ್ಕಿಲ್ಲ. ನಾನೂ ಇಲ್ಲ.”

“ಅಂದ್ರೆ ಬೆನ್ನು ಮುರ್ಕಂಡೋರು ಲೆಕ್ಕಕ್ಕಿಲ್ಲ. ಶರ್ಟು ಹಾಕ್ಕಂಡು ನಿಂತೋನು ಲೆಕ್ಕಕ್ಕವ್ನೆ.”

ಆತ ಚಂದ್ರಿಕೆಗಳ ಕಡೆ ನೋಡಿದ.

“ಹುಳ ಚೆಂದಾಗ್ ಬೆಳ್ದವೆ. ಹೆಣ್ಣು ಕೊಡ್ತೀನಿ. ಮದುವೆ ಮಾತ್ರ ಹುಳ ಇಲ್ದಿರೋ ವಾರ ಇಟ್ಕಳಿ. ಇನ್ನೊಂದ್ ಸಲ ನನ್ ಕೈಲಾಗಕಿಲ್ಲ.”

ಹಾಗೇ ಇಟ್ಟರು. ನಾನೂ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಹೆಣ್ಣಿನಪ್ಪನ ಪಕ್ಕದಲ್ಲೇ ನನ್ನ ಎಲೆ. ಮದುಮಗ ಬಾಸಿಂಗ ಹಿಡಿದುಕೊಂಡು ಬಂದು ನನ್ನ ಕಿವಿಗೆ ಬಗ್ಗಿದ.

“ಸಾರ್, ಈ ವಾರ ಮಾತ್ರ ಏನೂ ಕೇಳ್ಬ್ಯಾಡಿ.”