ಕೈರಾಯೋಕಿಯಲ್ಲಿ ಒಳ್ಳೆಯ ಟೈರಿಗೆ ನಿಷೇಧ

ಫಿನ್‌ಲ್ಯಾಂಡಿನ ಉತ್ತರದಲ್ಲಿರುವ ಕೈರಾಯೋಕಿ ಪುರಸಭೆಯು ಒಳ್ಳೆಯ ಟೈರು ಅಪಾಯಕಾರಿ ವಸ್ತುವೆಂದು ನವೆಂಬರ್ ಮೂರರಂದು ಸರ್ವಾನುಮತದಿಂದ ತೀರ್ಮಾನಿಸಿತು.

ಕಾರಣ ಸರಳ. ಜಾರದಂತೆ ಮೈತುಂಬ ಕಬ್ಬಿಣದ ಮೊಳೆ ಕೂರಿಸಿದ ಹೊಸ ಮೊಳೆ ಟೈರು ಹಾಕಿಸಿದವರು ಮಂಜುಗಡ್ಡೆಯ ಮೇಲೆ ನೂರರ ವೇಗದಲ್ಲಿ ಹಾರಿ ಹಳ್ಳಕ್ಕೆ ಬಿದ್ದರು. ಬೋಳು ಟೈರಿನವರು ದೇವರನ್ನು ನೆನೆಯುತ್ತ ತೆವಳಿ ಮನೆ ಸೇರಿದರು. ಆದಕಾರಣ, ‘ಟ್ಯಾಕ್ಸಿ ಚಾಲಕರು ಶುಕ್ರವಾರದೊಳಗೆ ಕನ್ನಡಿಯಷ್ಟು ನುಣುಪಾದ ಟೈರು ಅಳವಡಿಸತಕ್ಕದ್ದು. ತಪ್ಪಿದಲ್ಲಿ ಪರವಾನಗಿ ರದ್ದು.’

ಊರಿಗಿದ್ದದ್ದು ಒಂದೇ ಟ್ಯಾಕ್ಸಿ, ಮುದುಕ ತೌನೋ ರೂತಿಲಾನದು. ಅವನು ಹಿಂದಿನ ದಿನವಷ್ಟೇ ನಾಲ್ಕೂ ಹೊಸ ಮೊಳೆ ಟೈರು ಹಾಕಿಸಿದ್ದ. ಪರವಾನಗಿ ಹೋದರೆ ಮನೆಯಲ್ಲಿ ಕೂರಬೇಕು. ಮನೆಯಲ್ಲಿ ಅವನ ಕತೆ ಕೇಳುವವರಿಲ್ಲ; ಟ್ಯಾಕ್ಸಿಯಲ್ಲಾದರೆ ಕೇಳುವವನಿಗೆ ಎದ್ದು ಹೋಗಲು ದಾರಿಯಿಲ್ಲ.

ಶುಕ್ರವಾರ ತಪಾಸಣಾಧಿಕಾರಿ ಹೆಲ್ಕಾ ಬಂದು ಪಕ್ಕದ ಸೀಟಿನಲ್ಲಿ ಕೂತಳು.

“ಹೆಲ್ಕಾ, ನೀನು ತೊಟ್ಟಿಲಲ್ಲಿದ್ದಾಗಿಂದ ಗಾಡಿ ಓಡಿಸ್ತಿದೀನಿ. ಒಂದು ಹಿಮಸಾರಂಗದ ಕೂದಲೂ ಕೊಂಕಿಲ್ಲ.”

“ಅದು ನಿಮ್ಮ ಹಳೇ ಟೈರಿನ ಪುಣ್ಯ, ತೌನೋ. ಈಗ ಧೈರ್ಯ ಬಂದಿದೆ. ನಮೂನೇಲಿ ‘ಭಯ’ ಅಂತ ಒಂದು ಕಲಂ ಇದೆ. ನಿಮ್ಮದು ಖಾಲಿ.”

“ಹೆಂಡತಿ ಭಯ ಇದೆ. ಬರ್ಕೋ.”

“ಅದು ಮದುವೆಯಾದ ಎಲ್ರಿಗೂ ಇದೆ. ರಸ್ತೇಲಿ ಹುಟ್ಟಿದ ಭಯ ಬೇಕು.”

ಕಾಫಿ ಕೊಡದೆ ಯಾರನ್ನೂ ಬೀಳ್ಕೊಡುವ ಪದ್ಧತಿ ಆ ಊರಲ್ಲಿಲ್ಲ. ತೌನೋ ಫ್ಲಾಸ್ಕಿನಿಂದ ಅಂಚು ಮುಟ್ಟುವಂತೆ ಎರಡು ಲೋಟ ತುಂಬಿಸಿದ. ಒಂದು ಹೆಲ್ಕಾಳ ಕೈಗೆ, ತನ್ನದು ಸ್ಟಿಯರಿಂಗಿನ ಮುಂದೆ. ಅವಳನ್ನು ಪುರಸಭೆಗೆ ಬಿಡಲು ಗಾಡಿ ಹೊರಟಿತು. ಕೈರಾಯೋಕಿಯಲ್ಲಿ ಕಾಫಿ ಚೆಲ್ಲಿದವನಿಗೆ ಹೆಣ್ಣು ಕೊಡುವುದಿಲ್ಲ, ಕೊಟ್ಟಿದ್ದರೆ ವಾಪಸು ಕರೆಸಿಕೊಳ್ಳುತ್ತಾರೆ. ವೇಗದ ಮುಳ್ಳು ಹನ್ನೊಂದು ದಾಟಲಿಲ್ಲ. ಒಂದು ಹಿಮಸಾರಂಗ ಇವರನ್ನು ಹಿಂದೆ ಹಾಕಿ, ತಿರುಗಿ ನೋಡಿ, ಸ್ವಲ್ಪ ಹೊತ್ತು ಕಾದು, ಬೇಜಾರಾಗಿ ಹೊರಟುಹೋಯಿತು.

“ಇನ್ನೂ ನಿಧಾನ,” ಅಂದಳು ಹೆಲ್ಕಾ, ಲೋಟದಿಂದ ಕಣ್ಣು ಕೀಳದೆ.

“ಮೊಳೆ ಟೈರಿದೆಯಲ್ಲ, ಜಾರಲ್ಲ.”

“ಟೈರು ಸಾಯ್ಲಿ. ಕಾಫಿ ನೋಡಿ.”

ಅವನ ಹಣೆಯಲ್ಲಿ ಬೆವರು ಮೂಡಿತ್ತು. ಹೆಲ್ಕಾ ಒಂದೇ ಕೈಯಲ್ಲಿ ಬರೆದಳು: ‘ಭಯ: ತೃಪ್ತಿಕರ.’

ಸೋಮವಾರ ತಿದ್ದುಪಡಿ ಬಂತು. ಟೈರು ಯಾವುದಾದರೂ ಸರಿ, ಪ್ರತಿ ವಾಹನದಲ್ಲೂ ತುಂಬಿದ ಲೋಟ ಕಡ್ಡಾಯ. ಟೈರಿನ ಸವೆತ ಅಳೆಯುವ ಕಡ್ಡಿಯನ್ನೇ ಪೊಲೀಸರು ತೊಳೆದು ಕಾಫಿಯಲ್ಲಿ ಅದ್ದಿ ನೋಡುತ್ತಾರೆ.

ಮೂವತ್ತಮೂರು ಕಿಲೋಮೀಟರಾಚೆಯ ರೈಲು ನಿಲ್ದಾಣಕ್ಕೆ ಈಗ ಮೂರು ಗಂಟೆಯ ದಾರಿ. ತೌನೋನ ಕತೆಗಳು ಅಷ್ಟಕ್ಕೇ ಸರಿಯಾಗಿ ಉದ್ದವಾಗಿವೆ. ಪ್ರಯಾಣಿಕರು ಏಲಕ್ಕಿ ಬನ್ನು ಕಟ್ಟಿಕೊಂಡು ಬರುತ್ತಾರೆ. ಯಾರೂ ದೂರು ಕೊಟ್ಟಿಲ್ಲ. ದೂರು ಕೊಡುವ ಕಚೇರಿ ನಿಲ್ದಾಣದ ಪಕ್ಕದಲ್ಲೇ ಇದೆ. ಅಲ್ಲಿಗೂ ಅದೇ ಟ್ಯಾಕ್ಸಿಯಲ್ಲೇ ಹೋಗಬೇಕು.